ತೊಕ್ಕೊಟ್ಟು ದಾಟಿ ಹೋದವರ ಸಂಬಳ

ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಬಂದರೆ ದಾರಿ ಮೂರಾಗುತ್ತದೆ. ಹೆದ್ದಾರಿ ನೇರ ತಲಪಾಡಿ ದಾಟಿ ಕಾಸರಗೋಡಿಗೆ ಹೋಗುತ್ತದೆ. ಬಲಕ್ಕೆ ಹೊರಳಿದರೆ ಉಳ್ಳಾಲ ಪೇಟೆ, ದರ್ಗಾ, ಕೋಟೆಪುರ, ಕೊನೆಗೆ ಕಡಲು. ಎಡಕ್ಕೆ ಹೊರಳಿದರೆ ದೇರಳಕಟ್ಟೆ, ಕೊಣಾಜೆ, ಮುಡಿಪು. ಈ ಎಡಗಡೆಯ ಸೀಮೆಯ ತುಂಬ ಕಲಿಸುವ ಮನೆಗಳೇ. ದೇರಳಕಟ್ಟೆ ಆಸುಪಾಸಿನಲ್ಲಿ ಮೂರು ವೈದ್ಯಕೀಯ ಕಾಲೇಜು, ಕೊಣಾಜೆಯಲ್ಲಿ 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾಲಯ, ನಡುಪದವಿನಲ್ಲಿ ಪಿ.ಎ. ಎಂಜಿನಿಯರಿಂಗ್ ಕಾಲೇಜು, ಇನ್ನೋಳಿಯಲ್ಲಿ ಬ್ಯಾರೀಸ್ ತಾಂತ್ರಿಕ ಕಾಲೇಜು, ಮುಡಿಪಿನ ಗುಡ್ಡದ ಮೇಲೆ ಇನ್ಫೊಸಿಸ್‌ನ ವಿಶಾಲ ಆವರಣ. ನದಿಯಾಚೆಗೆ ಲೆಕ್ಕ ಹಿಡಿದರೆ ಸುರತ್ಕಲ್ಲಿನ ಎನ್‌ಐಟಿಕೆ, ಅಡ್ಯಾರಿನ ಸಹ್ಯಾದ್ರಿ, ವಾಮಂಜೂರಿನ ಸೇಂಟ್ ಜೋಸೆಫ್.

ಇಷ್ಟೆಲ್ಲ ಇದ್ದೂ, ಆರೇಳು ವರ್ಷ ಅನುಭವವಿರುವ ಒಬ್ಬ ಸಾಫ್ಟ್‌ವೇರ್ ಡೆವಲಪರ್ ಬೇಕೆಂದು ಇಲ್ಲಿನ ಸಣ್ಣ ಸ್ಟಾರ್ಟ್‌ಅಪ್ ಹುಡುಕಲು ಹೊರಟರೆ ತಿಂಗಳುಗಟ್ಟಲೆ ಅಲೆಯಬೇಕು. ಫ್ರೆಶರ್‌ಗಳ ಅರ್ಜಿ ಒಂದೇ ವಾರದಲ್ಲಿ ರಾಶಿ ಬೀಳುತ್ತದೆ. ಸೀನಿಯರ್ ಮಾತ್ರ ಸಿಗುವುದಿಲ್ಲ. ಅವರು ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ದಾಟಿದ್ದಾರೆ, ಇಲ್ಲವೇ ದುಬೈ, ಡಬ್ಲಿನ್, ಟೊರೊಂಟೊ ಸೇರಿದ್ದಾರೆ. ಕರಾವಳಿಯ ತಂತ್ರಜ್ಞಾನ ಭವಿಷ್ಯದ ಬಗ್ಗೆ ನಾವು ಎಷ್ಟೇ ಸಮಾವೇಶ ನಡೆಸಿದರೂ ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆ ಇದೇ ಎಂದು ನನಗೆ ಅನಿಸುತ್ತದೆ. ಹಾಗೆ ಹೋದವರಿಗೆ ಇಲ್ಲಿ ಎಷ್ಟು ಸಂಬಳ ಕೊಟ್ಟರೆ ಬಂದಾರು?

ನಾವು ಸದ್ಯಕ್ಕೆ ಇದರ ತದ್ವಿರುದ್ಧ ದಾರಿಯಲ್ಲಿದ್ದೇವೆ. ‘ಬೆಂಗಳೂರಿನಾಚೆ’ ಎಂಬ ಹೆಸರಿನಲ್ಲಿ ಸರ್ಕಾರದ ಡಿಜಿಟಲ್ ಎಕಾನಮಿ ಮಿಷನ್ ಮಂಗಳೂರನ್ನು ‘ಸಿಲಿಕಾನ್ ಬೀಚ್’ ಎಂದು ಹೊರಗಿನವರಿಗೆ ಪರಿಚಯಿಸುತ್ತಿದೆ. ಒಳ್ಳೆಯ ಕೆಲಸವೇ. ಆದರೆ ಇಂಥ ಪರಿಚಯದ ಮಾತುಗಳಲ್ಲಿ ತಪ್ಪದೆ ಬರುವ ಒಂದು ಸಾಲಿದೆ: ಇಲ್ಲಿ ಖರ್ಚು ಕಡಿಮೆ. ಖರ್ಚು ಎಂದರೆ ಬಾಡಿಗೆ, ಕರೆಂಟು ಮಾತ್ರವಲ್ಲ. ಸಾಫ್ಟ್‌ವೇರ್ ಕಂಪನಿಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ನಮ್ಮ ಮಕ್ಕಳು ಅಗ್ಗ ಎಂದು ನಾವೇ ಸಾರಿ ಕರೆದರೆ, ಅಗ್ಗವನ್ನು ಹುಡುಕುವವರೇ ಬರುತ್ತಾರೆ. ಇನ್ನೂ ಅಗ್ಗದ ಊರು ಸಿಕ್ಕಿದ ದಿನ ಅವರು ಅಲ್ಲಿಗೆ ಹೋಗುತ್ತಾರೆ.

ಮನೆಯಲ್ಲೂ ಇದೇ ಮಾತು ಬೇರೆ ದನಿಯಲ್ಲಿ ಕೇಳುತ್ತದೆ. ‘ಊರಲ್ಲೇ ಇದ್ದರೆ ಖರ್ಚೇನುಂಟು? ಮನೆ ಉಂಟು, ಊಟ ಉಂಟು.’ ಪ್ರೀತಿಯಿಂದ ಹೇಳುವ ಮಾತು ನಿಜ. ಆದರೆ ಲ್ಯಾಪ್‌ಟಾಪಿಗೆ, ಪೆಟ್ರೋಲಿಗೆ, ಮಗುವಿನ ಶಾಲೆಯ ಫೀಸಿಗೆ, ಅಪ್ಪನ ಆಂಜಿಯೋಪ್ಲಾಸ್ಟಿಗೆ ಊರಿನ ರೇಟು ಅಂತ ಬೇರೆ ಇಲ್ಲ. ಕೆಲಸಗಾರನ ಸ್ವಂತ ಮನೆಯ ಬಾಡಿಗೆಯನ್ನು ಸಂಬಳದಲ್ಲಿ ಮುರಿದುಕೊಳ್ಳುವ ಹಕ್ಕು ಕಂಪನಿಗೆ ಎಲ್ಲಿಂದ ಬಂತು?

ಸಂಬಳದ ಚೀಟಿಯೊಳಗೆ

ಲೆಕ್ಕವನ್ನೇ ಬಿಡಿಸಿ ನೋಡೋಣ. ದೊಡ್ಡ ಐಟಿ ಸೇವಾ ಕಂಪನಿಗಳು ಸಾಮಾನ್ಯ ಫ್ರೆಶರ್‌ಗೆ ಕೊಡುವ ಪ್ಯಾಕೇಜ್ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ₹3.6 ಲಕ್ಷ ಎಂದೇ ಹಿಡಿಯಿರಿ. ತಿಂಗಳಿಗೆ ಮೂವತ್ತು ಸಾವಿರ ಆಯಿತಲ್ಲ ಎಂದು ಮನೆಯವರು ಸಂತೋಷಪಡುತ್ತಾರೆ. ಇದು ಸಿಟಿಸಿ, ಅಂದರೆ ಕಂಪನಿಗೆ ತಗಲುವ ಒಟ್ಟು ವೆಚ್ಚ. ಮೂಲ ವೇತನ ₹15,000 ಆದರೆ ಕಂಪನಿಯ ಪಾಲಿನ ಪಿಎಫ್ ₹1,800, ಗ್ರಾಚ್ಯುಟಿ ಹೆಸರಿನಲ್ಲಿ ₹720ರಷ್ಟು ಇದರೊಳಗೇ ಸೇರಿರುತ್ತದೆ. ನೂರಕ್ಕೆ ಹತ್ತು ‘ವೇರಿಯಬಲ್’ ಎಂದಿದ್ದರೆ ₹3,000 ತಿಂಗಳ ಸಂಬಳದಲ್ಲಿ ಕಾಣುವುದೇ ಇಲ್ಲ. ಉಳಿದದ್ದರಲ್ಲಿ ನೌಕರನ ಪಾಲಿನ ಪಿಎಫ್ ಮತ್ತೆ ₹1,800 ಮುರಿಯುತ್ತದೆ. ಕೈಗೆ ಬರುವುದು ಇಪ್ಪತ್ತೆರಡೂವರೆ ಸಾವಿರದ ಹತ್ತಿರ ಹತ್ತಿರ. ಕರ್ನಾಟಕದಲ್ಲಿ ತಿಂಗಳಿಗೆ ₹25,000 ಮುಟ್ಟದವರಿಗೆ ವೃತ್ತಿ ತೆರಿಗೆ ಇಲ್ಲ; ಈ ಎಂಜಿನಿಯರ್ ಆ ರೇಖೆಗಿಂತ ಕೆಳಗೇ ಉಳಿಯುತ್ತಾನೆ.

ಹದಿನೈದು ವರ್ಷಗಳ ಹಿಂದೆಯೂ ಈ ಮೊತ್ತ ಮೂರು ಲಕ್ಷದ ಮೇಲೆಯೇ ಇತ್ತು. ಅಂದಿನಿಂದ ಕಾಲೇಜು ಫೀಸು, ಮೀನಿನ ಕ್ರಯ, ಬಸ್ಸಿನ ಟಿಕೆಟು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂಬುದನ್ನು ಓದುಗರಿಗೆ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್ ಕಂಪನಿಯ ₹2.52 ಲಕ್ಷದ ಜಾಹೀರಾತು ದೇಶದಾದ್ಯಂತ ಗದ್ದಲ ಎಬ್ಬಿಸಿತು. ಅದು ಮೂರು ವರ್ಷದ ಪದವೀಧರರಿಗೆ, ಎಂಜಿನಿಯರುಗಳಿಗಲ್ಲ ಎಂದು ಕಂಪನಿ ಸ್ಪಷ್ಟನೆ ಕೊಟ್ಟಿತು. ನನಗೆ ಆ ಸ್ಪಷ್ಟನೆಯಿಂದ ಸಮಾಧಾನವಾಗಲಿಲ್ಲ. ಕೊಣಾಜೆಯ ಸುತ್ತಮುತ್ತ ಬಿಸಿಎ, ಬಿಎಸ್ಸಿ ಓದುವ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಮನೆಯಲ್ಲಿ ಮೊದಲ ಪದವೀಧರರು ಇರುವುದು ಹೆಚ್ಚಾಗಿ ಅವರಲ್ಲೇ.

ಉಳ್ಳಾಲದ ಮನೆಗಳಿಗೆ ತಲೆತಲಾಂತರದಿಂದ ಗೊತ್ತಿರುವ ಇನ್ನೊಂದು ಸಂಬಳವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೀಡಿ. ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸಿ ಸುರುಳಿ ಸುತ್ತಿ ಮಕ್ಕಳನ್ನು ಕಾಲೇಜು ಮೆಟ್ಟಿಲು ಹತ್ತಿಸಿದ ತಾಯಂದಿರು ಈ ತಾಲ್ಲೂಕಿನ ಓಣಿ ಓಣಿಯಲ್ಲಿದ್ದಾರೆ. ಅವರ ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ, ತೀರ ಕಡಿಮೆ. ಆದರೂ ಆ ಕೂಲಿಗೆ ತುಟ್ಟಿಭತ್ಯೆ ಎಂಬುದೊಂದು ಸೇರಿದೆ. ಬೆಲೆ ಸೂಚ್ಯಂಕ ಏರಿದರೆ ಅದೂ ಏರಬೇಕು ಎಂಬುದು ಕಾನೂನು. ಅದನ್ನು ತಡೆಹಿಡಿದಾಗ ದಕ್ಷಿಣ ಕನ್ನಡದ ಬೀಡಿ ಕಾರ್ಮಿಕರು ಬೀದಿಗಿಳಿದು ಹೋರಾಡಿದ್ದಾರೆ. ಅಮ್ಮನ ಕೂಲಿ ಬೆಲೆಯೇರಿಕೆಯ ಜೊತೆ ಕುಂಟುತ್ತಲಾದರೂ ನಡೆಯಿತು. ಮಗನ ಪ್ಯಾಕೇಜ್ ನಿಂತಲ್ಲೇ ನಿಂತಿತು. ಸಂಘಟನೆ ಇದ್ದ ಕಡೆಗೂ ಇಲ್ಲದ ಕಡೆಗೂ ಇರುವ ಅಂತರ ಇದರಲ್ಲಿ ಕಾಣುತ್ತದೆ.

ಸ್ಟಾರ್ಟ್‌ಅಪ್‌ಗೆ ಬೇಕಾದದ್ದು

ಈಗ ಮೇಜಿನ ಆಚೆಗೆ ಹೋಗಿ, ಕಂಪನಿ ಕಟ್ಟುವವರ ಕಡೆ ಕೂರೋಣ. ಅವರ ಕಷ್ಟ ನಿಜವಾದದ್ದು, ಅವರನ್ನು ದೂರಲು ನನಗೆ ಮನಸ್ಸಿಲ್ಲ. ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆ 2017ರಿಂದ ಆಯ್ದ ಸ್ಟಾರ್ಟ್‌ಅಪ್‌ಗಳಿಗೆ ₹50 ಲಕ್ಷದವರೆಗೆ ಸಹಾಯಧನ ಕೊಡುತ್ತಿದೆ. ಪೂರ್ತಿ ಮೊತ್ತ ಸಿಕ್ಕಿತು, ಅಷ್ಟನ್ನೂ ಸಂಬಳಕ್ಕೇ ಹಾಕಿದರು ಎಂದುಕೊಳ್ಳಿ. ತಿಂಗಳಿಗೆ ₹30,000ದಂತೆ ಐದು ಮಂದಿ ಫ್ರೆಶರ್‌ಗಳನ್ನು ಇಟ್ಟುಕೊಂಡರೆ ತಿಂಗಳ ಖರ್ಚು ಒಂದೂವರೆ ಲಕ್ಷ. ಹಣ 33 ತಿಂಗಳು ಬರುತ್ತದೆ. ತಲಾ ಒಂದೂಕಾಲು ಲಕ್ಷದ ಇಬ್ಬರು ಸೀನಿಯರ್, ಮೂವತ್ತು ಸಾವಿರದ ಇಬ್ಬರು ಫ್ರೆಶರ್ ಎಂದರೆ ತಿಂಗಳಿಗೆ ₹3.1 ಲಕ್ಷ, 16 ತಿಂಗಳಿಗೆ ಮುಗಿಯುತ್ತದೆ. ಹಣ ಹಾಕಿದವರು, ಮನೆಯವರು, ಲೆಕ್ಕಪರಿಶೋಧಕರು ಎಲ್ಲರೂ ಮೊದಲನೆಯದನ್ನೇ ಆರಿಸಿಕೊಳ್ಳಿ ಎನ್ನುತ್ತಾರೆ. ನಾನು ಎರಡನೆಯದನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

ಯಾಕೆಂದು ಒಂದು ಸಣ್ಣ ಉದಾಹರಣೆಯಿಂದ ಹೇಳುತ್ತೇನೆ. ಬಂದರಿನಲ್ಲಿ ಮೀನು ಹರಾಜಿನ ಹಣ ಪಾವತಿಗೆ ಆ್ಯಪ್ ಒಂದನ್ನು ಕಟ್ಟುತ್ತಿದ್ದಾರೆ ಎನ್ನಿ. ಬೆಳಿಗ್ಗೆ ಐದು ಗಂಟೆ, ಗದ್ದಲ, ನೆಟ್‌ವರ್ಕ್ ಹೋಗುತ್ತಾ ಬರುತ್ತಾ ಇದೆ. ವ್ಯಾಪಾರಿ ₹40,000 ಕಳಿಸುತ್ತಾರೆ, ತೆರೆಯ ಮೇಲೆ ಚಕ್ರ ತಿರುಗುತ್ತದೆ, ಉತ್ತರ ಬರುವುದಿಲ್ಲ. ಹೊಸಬ ಬರೆದ ಕೋಡ್ ಏನು ಮಾಡುತ್ತದೆ? ಉತ್ತರ ಬರದಿದ್ದರೆ ಇನ್ನೊಮ್ಮೆ ಕಳಿಸು ಎಂದು ಅವನು ಬರೆದಿರುತ್ತಾನೆ. ಕಾಲೇಜಿನ ಲ್ಯಾಬಿನಲ್ಲಿ ಅದು ಸರಿಯಾಗಿಯೇ ನಡೆದಿತ್ತು. ಆದರೆ ಮೊದಲ ಸಲವೇ ಹಣ ಹೋಗಿತ್ತು, ಉತ್ತರ ಮಾತ್ರ ದಾರಿಯಲ್ಲಿ ಕಳೆದಿತ್ತು. ವ್ಯಾಪಾರಿಯ ಖಾತೆಯಿಂದ ಎಂಬತ್ತು ಸಾವಿರ ಹೋಯಿತು. ಅನುಭವಿಯಾದವರು ಹಣ ಕಳಿಸುವ ಮುನ್ನವೇ ಆ ವ್ಯವಹಾರಕ್ಕೊಂದು ಬೇರೆ ಯಾವುದಕ್ಕೂ ಇಲ್ಲದ ಸಂಖ್ಯೆ ಕೊಟ್ಟಿರುತ್ತಾರೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ‘ಇದು ಆಗಿದೆ’ ಎಂದು ಹೇಳಿ ಸುಮ್ಮನಾಗುತ್ತದೆ. ಹತ್ತು ಸಾಲಿನ ಕೆಲಸ. ಅದನ್ನು ಬರೆಯಬೇಕೆಂದು ಹೊಳೆಯಲು ಮಾತ್ರ ಹಿಂದೆ ಎಲ್ಲೋ ಒಮ್ಮೆ ಪೆಟ್ಟು ತಿಂದಿರಬೇಕು. ಬಂದರಿನಲ್ಲಿ ಒಂದೇ ಬೆಳಿಗ್ಗೆ ನಾಲ್ಕು ಮಂದಿಗೆ ಹೀಗಾದರೆ ಆ ಆ್ಯಪ್‌ನ ಕತೆ ಮುಗಿಯಿತು. 33 ತಿಂಗಳ ಹಣ ಕೈಯಲ್ಲಿದ್ದರೂ ಮುಟ್ಟುವವರಿಲ್ಲ.

ಕೆಲವೇ ನುರಿತವರು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋದಾ ಸಾಕ್ಷಿ. ಕೋಟಿಗೂ ಮೀರಿದ ಗ್ರಾಹಕರಿರುವ ಆ ಕಂಪನಿಯ ತಂತ್ರಜ್ಞಾನ ತಂಡ ಬಹುಕಾಲ ಮೂವತ್ತರ ಆಸುಪಾಸಿನಲ್ಲೇ ಇತ್ತು.

ಅಗ್ಗದ ಲೆಕ್ಕಾಚಾರ ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿಯಲು ಆಫ್ರಿಕಾದತ್ತ ನೋಡಬೇಕು. 2014ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ‘ಆಂಡೆಲಾ’ ಎಂಬ ಕಂಪನಿ ಹುಟ್ಟಿತು. ಜಾಣ ಯುವಕರನ್ನು ಆರಿಸಿ, ಸಂಬಳ ಕೊಟ್ಟೇ ಕಲಿಸಿ, ಅಮೆರಿಕದ ಕಂಪನಿಗಳ ಕೆಲಸಕ್ಕೆ ಕೊಡುವುದು ಅದರ ಯೋಜನೆ. ಜುಕರ್‌ಬರ್ಗ್ ದಂಪತಿಯ ಸಂಸ್ಥೆ 2016ರಲ್ಲಿ ಹಣ ಹೂಡಿತು. ಆಫ್ರಿಕಾದ ಹೆಮ್ಮೆ ಎಂದು ಜಗತ್ತು ಕೊಂಡಾಡಿತು. 2019ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ನೈಜೀರಿಯಾ, ಕೀನ್ಯಾ, ಉಗಾಂಡಾಗಳಲ್ಲಿ ಸುಮಾರು ನಾನೂರು ಜೂನಿಯರ್ ಡೆವಲಪರ್‌ಗಳನ್ನು ಮನೆಗೆ ಕಳಿಸಿತು. ಗಿರಾಕಿಗಳು ಕೇಳುತ್ತಿರುವುದು ಅನುಭವಿಗಳನ್ನು, ಹೊಸಬರನ್ನಲ್ಲ ಎಂಬುದು ಕೊಟ್ಟ ಕಾರಣ. ಹೊಸಬರನ್ನು ತಯಾರಿಸುವುದು ಸುಲಭ. ಅವರನ್ನು ನುರಿತವರನ್ನಾಗಿ ಮಾಡಲು ಪಕ್ಕದಲ್ಲಿ ಕೂರುವ ನುರಿತವರು ಬೇಕು, ಅವರು ಸಾಲುವಷ್ಟು ಇರಲಿಲ್ಲ.

ಅಲ್ಲಿಂದಾಚೆಗೆ ನೈಜೀರಿಯಾದಲ್ಲಿ ಆದದ್ದು ನಮಗೆ ಇನ್ನೂ ಹತ್ತಿರದ್ದು. 2023ರ ಜೂನ್‌ನಲ್ಲಿ ಅಲ್ಲಿನ ಕರೆನ್ಸಿಯಾದ ನೈರಾದ ಕಟ್ಟು ಸಡಿಲಿಸಿದರು. ಡಾಲರಿಗೆ 470ರಷ್ಟಿದ್ದದ್ದು ಮರುವರ್ಷದ ಆರಂಭದಲ್ಲಿ 1,500 ದಾಟಿತು. ಡಾಲರಿನಲ್ಲಿ ಸಂಬಳ ಪಡೆಯುತ್ತ ಮನೆಯಿಂದಲೇ ದುಡಿಯುವ ಡೆವಲಪರ್‌ನ ಆದಾಯ ನೈರಾದಲ್ಲಿ ಮೂರು ಪಟ್ಟಾಯಿತು. ನೈರಾದಲ್ಲೇ ಸಂಪಾದಿಸಿ ನೈರಾದಲ್ಲೇ ಸಂಬಳ ಕೊಡುವ ಸ್ಥಳೀಯ ಸ್ಟಾರ್ಟ್‌ಅಪ್ ಅವನನ್ನು ಹಿಡಿದಿಡುವುದು ಹೇಗೆ?

ಉಳ್ಳಾಲಕ್ಕೆ ಈ ಗಣಿತ ಹೊಸದಲ್ಲ. ಒಂದೇ ಕೆಲಸಕ್ಕೆ ಇಲ್ಲಿ ರೂಪಾಯಿ, ಅಲ್ಲಿ ದಿರ್ಹಮ್ ಎಂಬುದನ್ನು ಕಂಡೇ ಇಲ್ಲಿನ ಎರಡು ತಲೆಮಾರು ಗಲ್ಫಿಗೆ ಹೋಯಿತು. ಈಗ ವಿಮಾನ ಹತ್ತುವ ಅಗತ್ಯವೂ ಇಲ್ಲ. ಸೋಮೇಶ್ವರದ ಮನೆಯ ಮಹಡಿಯಲ್ಲಿ ಕೂತು ತಿಂಗಳಿಗೆ ಎರಡು ಸಾವಿರ ಡಾಲರಿನ ಗುತ್ತಿಗೆ ಕೆಲಸ ಮಾಡಬಹುದು. ಡಾಲರಿಗೆ ₹85 ಎಂದರೂ ಅದು ₹1.7 ಲಕ್ಷ. ತೊಕ್ಕೊಟ್ಟಿನ ಕಂಪನಿಯ ಪೈಪೋಟಿ ಬೆಂಗಳೂರಿನ ಜೊತೆ ಮಾತ್ರವಲ್ಲ, ಬರ್ಲಿನ್, ಆಸ್ಟಿನ್‌ಗಳ ಜೊತೆಯೂ ಇದೆ. ಅಂಥ ಕೆಲಸಕ್ಕೆ ಪಿಎಫ್ ಇಲ್ಲ, ವಿಮೆ ಇಲ್ಲ, ಒಂದು ಇಮೇಲಿನಲ್ಲಿ ಮುಗಿದೂ ಹೋಗಬಹುದು. ಆದರೂ ಸಂಬಳದ ಅಂತರ ದೊಡ್ಡದಿದ್ದಾಗ ಊರಭಿಮಾನವನ್ನು ನಂಬಿ ಕೂರಬಾರದು.

ಕಟ್ಟಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. ರೋಹಿತ್ ಭಟ್ 1996ರಲ್ಲಿ ಉಡುಪಿಯಲ್ಲಿ ರೋಬೊಸಾಫ್ಟ್ ಆರಂಭಿಸಿದಾಗ ಸಾಫ್ಟ್‌ವೇರ್ ಕಂಪನಿ ಅಂಥ ಊರಿನಲ್ಲಿ ಬದುಕುತ್ತದೆ ಎಂದು ನಂಬುವವರು ಕಡಿಮೆ. ಎಲ್ಲರೂ ವಿಂಡೋಸ್ ಹಿಂದೆ ಹೋಗುತ್ತಿದ್ದ ಕಾಲಕ್ಕೆ ಆ ತಂಡ ಆಪಲ್‌ನ ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುವುದರಲ್ಲಿ ಪಳಗಿತು. ಐಫೋನ್ ಬಂದಾಗ ಆ ಕೌಶಲ ಕೈಹಿಡಿಯಿತು. 2021ರಲ್ಲಿ ಜಪಾನಿನ ಟೆಕ್ನೊಪ್ರೊ ಕಂಪನಿ ಅದನ್ನು ₹805 ಕೋಟಿಗೆ ಕೊಂಡಿತು. ಕರಾವಳಿಯಲ್ಲೇ 2013ರಲ್ಲಿ ಹುಟ್ಟಿದ ನಿವಿಯಸ್ ಸೊಲ್ಯೂಷನ್ಸ್ ಕ್ಲೌಡ್ ಕೆಲಸದಲ್ಲಿ ಬೆಳೆದು, 2025ರಲ್ಲಿ ಎನ್‌ಟಿಟಿ ಡೇಟಾದ ಪಾಲಾಯಿತು. ಈ ಎರಡೂ ಕಂಪನಿಗಳನ್ನು ಜಪಾನಿನವರು ಕೊಂಡದ್ದು ಕಟ್ಟಡಕ್ಕಾಗಿ ಅಲ್ಲ. ಒಂದು ವಿಷಯದಲ್ಲಿ ವರ್ಷಾನುಗಟ್ಟಲೆ ಪಳಗಿದ ಜನರ ಗುಂಪು ಒಂದೇ ಕಡೆ ಇತ್ತು, ಅದಕ್ಕಾಗಿ.

ಷೇರು, ಬಾಂಡ್, ಕಾಯುವಿಕೆ

ಸಂಬಳದಲ್ಲಿ ಪೈಪೋಟಿ ಆಗದಿದ್ದರೆ ಷೇರು ಕೊಡಿ ಎಂಬುದು ಸಾಮಾನ್ಯ ಸಲಹೆ. ಇಸಾಪ್, ಅಂದರೆ ನೌಕರರಿಗೆ ಕಡಿಮೆ ಬೆಲೆಗೆ ಕಂಪನಿಯ ಷೇರು. ಒಳ್ಳೆಯ ದಾರಿಯೇ, ಆದರೆ ಇದರಲ್ಲೊಂದು ಮುಳ್ಳಿದೆ. ತಲಾ ₹10ಕ್ಕೆ ಸಾವಿರ ಷೇರು ಸಿಕ್ಕಿತು, ಕೊಳ್ಳುವ ದಿನ ಅದರ ಮೌಲ್ಯ ₹510 ಎಂದು ನಿಗದಿಯಾಯಿತು ಎನ್ನಿ. ನಡುವಿನ ಐದು ಲಕ್ಷವನ್ನು ಆದಾಯ ತೆರಿಗೆ ಇಲಾಖೆ ಸಂಬಳವೆಂದೇ ಎಣಿಸುತ್ತದೆ. ಶೇ 30ರ ಹಂತದಲ್ಲಿದ್ದರೆ ಒಂದೂವರೆ ಲಕ್ಷ ತೆರಿಗೆ. ಕೈಯಲ್ಲಿರುವುದು ಮಾರಲು ಬಾರದ ಕಾಗದ! 2020ರ ಬಜೆಟ್ ಈ ತೆರಿಗೆಯನ್ನು ಮುಂದೂಡುವ ಅವಕಾಶ ತಂದಿತು. ಆದರೆ ಅದು ಸಿಗುವುದು 80-ಐಎಸಿ ಎಂಬ ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಪಡೆದ ಸ್ಟಾರ್ಟ್‌ಅಪ್‌ಗಳ ನೌಕರರಿಗೆ ಮಾತ್ರ. ದೇಶದಲ್ಲಿ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಆ ಪ್ರಮಾಣಪತ್ರ ಸಿಕ್ಕಿದ್ದು ಕೆಲವೇ ಸಾವಿರಕ್ಕೆ. ಅದೂ ಸಾಲದೆಂಬಂತೆ, ಕೆಲಸ ಬಿಟ್ಟರೆ ಮುಂದೂಡಿದ ತೆರಿಗೆ ತಕ್ಷಣ ಎದುರು ನಿಲ್ಲುತ್ತದೆ. ಷೇರು ಮಾರಿ ಹಣ ಬಂದಾಗ ತೆರಿಗೆ ಕಟ್ಟಿ ಎಂಬ ನೇರ ನಿಯಮ ಎಲ್ಲ ಸ್ಟಾರ್ಟ್‌ಅಪ್‌ಗಳಿಗೂ ಬರಬೇಕು. ಅಲ್ಲಿಯವರೆಗೆ ‘ಸಂಬಳ ಕಡಿಮೆ, ಷೇರು ಉಂಟು’ ಎನ್ನುವ ಮಾಲೀಕರು ಈ ಲೆಕ್ಕವನ್ನೂ ಆಫರ್ ಲೆಟರಿನ ಜೊತೆಗೇ ಬಿಡಿಸಿ ಹೇಳಬೇಕು.

ಇನ್ನೊಂದು ದಾರಿ ಬಾಂಡ್. ಇಷ್ಟು ವರ್ಷದೊಳಗೆ ಬಿಟ್ಟುಹೋದರೆ ಇಷ್ಟು ಹಣ ಕಟ್ಟು ಎಂಬ ಕರಾರು. ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಇಂಥ ಕರಾರನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು: ಮೂರು ವರ್ಷ, ತಪ್ಪಿದರೆ ಎರಡು ಲಕ್ಷ. ನೇಮಕಾತಿಗೆ ದೊಡ್ಡ ಖರ್ಚು ಮಾಡುವ ಸರ್ಕಾರಿ ಬ್ಯಾಂಕಿನ ವಿಷಯ ಅದು. ಇಪ್ಪತ್ತೆರಡು ಸಾವಿರ ಕೈಗೆ ಬರುವ ಹುಡುಗಿಯ ಅಂಕಪಟ್ಟಿ ಇಟ್ಟುಕೊಂಡು ಬರೆಸಿಕೊಳ್ಳುವ ಬಾಂಡಿಗೆ ಅದನ್ನು ಆಧಾರವಾಗಿ ತೋರಿಸುವುದು ಅನ್ಯಾಯ. ದೊಡ್ಡ ಕಂಪನಿಗಳ ತೊಂಬತ್ತು ದಿನದ ನೋಟಿಸ್ ಪೀರಿಯಡ್ ಕೂಡ ಸಣ್ಣವರ ಜೀವ ಹಿಂಡುತ್ತದೆ. ಸೀನಿಯರ್ ಒಬ್ಬರು ಬರಲು ಒಪ್ಪಿದ ಮೇಲೂ ಮೂರು ತಿಂಗಳು ಕಾಯಬೇಕು; ಅಷ್ಟರಲ್ಲಿ ಕೌಂಟರ್ ಆಫರ್ ಬಂದು ಮನಸ್ಸು ಬದಲಾಗಿರುತ್ತದೆ.

ಇಷ್ಟೆಲ್ಲ ಹುಡುಕಾಟದ ನಡುವೆ ಯಾರೂ ಬಾಗಿಲು ತಟ್ಟದ ಮನೆಗಳಿವೆ. ಬೆಂಗಳೂರಿನಲ್ಲಿ ಎಂಟು ಹತ್ತು ವರ್ಷ ದುಡಿದು, ಮಗು ಹುಟ್ಟಿದ ಮೇಲೋ ಹಿರಿಯರ ಕಾಯಿಲೆಗೋ ಊರಿಗೆ ಬಂದು ಉಳಿದ ಹೆಣ್ಣುಮಕ್ಕಳ ಮನೆಗಳು. ಪಾವತಿ ಎರಡು ಸಲ ಹೋಗುವ ಆ ಪೆಟ್ಟನ್ನು ತಿಂದು ಕಲಿತವರು ಇವರಲ್ಲಿದ್ದಾರೆ. ಇವರಿಗೆ ‘ಮನೆಯಲ್ಲೇ ಇದ್ದೀರಲ್ಲ’ ಎಂದು ಅರ್ಧ ಸಂಬಳ ಹೇಳುವುದನ್ನು ನಿಲ್ಲಿಸಿ, ದಿನಕ್ಕೆ ಐದು ಗಂಟೆಯ ಕೆಲಸಕ್ಕೆ ಆ ಐದು ಗಂಟೆಯ ಪೂರ್ತಿ ಬೆಲೆ ಕೊಟ್ಟರೆ ಬರುವವರಿದ್ದಾರೆ. ಸರ್ಕಾರ ಮಾಡಬೇಕಾದದ್ದೂ ಒಂದಿದೆ. 2017ರಲ್ಲಿ ಕಾನೂನಿನ ತಿದ್ದುಪಡಿಯಿಂದ 26 ವಾರಕ್ಕೆ ಏರಿದ ಹೆರಿಗೆ ರಜೆಯ ಸಂಬಳ ಕೊಡಬೇಕಾದದ್ದು ಮಾಲೀಕರೇ. ನ್ಯಾಯವಾದ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹನ್ನೆರಡು ಮಂದಿಯ ಕಂಪನಿಗೆ ಆರು ತಿಂಗಳ ಸೀನಿಯರ್ ಸಂಬಳ ದೊಡ್ಡ ಹೊರೆ. ಅದಕ್ಕೆ ಹೆದರಿ ಹೆಣ್ಣುಮಕ್ಕಳ ಅರ್ಜಿಯನ್ನೇ ಬದಿಗಿಡುತ್ತಾರೆ. ಸಣ್ಣ ಸ್ಟಾರ್ಟ್‌ಅಪ್‌ಗಳ ಮಟ್ಟಿಗಾದರೂ ಆ ಖರ್ಚನ್ನು ರಾಜ್ಯ ಹೊರಬೇಕು.

2025–30ರ ಸ್ಟಾರ್ಟ್‌ಅಪ್ ನೀತಿಗೆ ರಾಜ್ಯ ಸಂಪುಟ ₹518 ಕೋಟಿ ಒಪ್ಪಿದೆ. ಗುರಿ 25,000 ಸ್ಟಾರ್ಟ್‌ಅಪ್. ಅದರಲ್ಲಿ 10,000 ಬೆಂಗಳೂರಿನ ಹೊರಗೆ. ಒಂದೊಂದಕ್ಕೆ ಇಬ್ಬರು ಸೀನಿಯರ್ ಎಂದರೂ ಇಪ್ಪತ್ತು ಸಾವಿರ ಮಂದಿ ಬೇಕು. ಸಹಾಯಧನದಲ್ಲಿ ಒಂದು ಪಾಲನ್ನು ಅನುಭವಿಗಳ ಸಂಬಳಕ್ಕೆಂದೇ ಮೀಸಲಿಡಬಹುದು. ಒಬ್ಬ ಸೀನಿಯರ್‌ನನ್ನು ಊರಿಗೆ ಕರೆತಂದ ಕಂಪನಿಗೆ ಮೊದಲೆರಡು ವರ್ಷ ಆ ಸಂಬಳದ ಮೂರನೇ ಒಂದು ಭಾಗ ಕೊಡಬಹುದು. ಹೊಸ ಕಟ್ಟಡಕ್ಕೆ, ಸಮಾವೇಶಕ್ಕೆ ಹೋಗುವ ಹಣದಲ್ಲಿ ಇದಕ್ಕೆ ಜಾಗವಿದೆ.

ಊರಿಗೆ ಮರಳಲು ಮನಸ್ಸಿರುವವರ ಜೊತೆ ಮಾತಿಗೆ ಕೂತರೆ ಸಂಬಳದ ಪ್ರಶ್ನೆ ಬೇಗ ಮುಗಿಯುತ್ತದೆ. ಬೆಂಗಳೂರಿಗಿಂತ ಸ್ವಲ್ಪ ಕಡಿಮೆಯಾದರೂ ಅವರು ಒಪ್ಪುತ್ತಾರೆ. ಶಾಲೆ ಇದೆ, ಆಸ್ಪತ್ರೆ ಇದೆ, ಅಮ್ಮನ ಮನೆ ಹತ್ತಿರ ಇದೆ. ಅವರನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಬೇರೆ: ‘ಈ ಕಂಪನಿ ಮುಚ್ಚಿದರೆ ಇಲ್ಲಿ ಇನ್ನೊಂದು ಯಾವುದುಂಟು?’ ಸ್ಟಾರ್ಟ್‌ಅಪ್ ಎಂದ ಮೇಲೆ ಮುಚ್ಚುವ ಸಾಧ್ಯತೆ ಇದ್ದೇ ಇದೆ. ಬೆಂಗಳೂರಿನಲ್ಲಾದರೆ ಮುಂದಿನ ವಾರ ಪಕ್ಕದ ಬೀದಿಯಲ್ಲಿ ಇಂಟರ್‌ವ್ಯೂ ಇರುತ್ತದೆ. ಇಲ್ಲಿ ಮತ್ತೆ ಗಂಟುಮೂಟೆ ಕಟ್ಟಿಕೊಂಡು ಘಾಟಿ ಹತ್ತಬೇಕು, ಮಗುವಿಗೆ ಮತ್ತೆ ಹೊಸ ಶಾಲೆ. ಹಾಗಾಗಿ ಕರಾವಳಿಯ ಕಂಪನಿಗಳು ಒಬ್ಬರ ಜನರನ್ನು ಇನ್ನೊಬ್ಬರು ಸೆಳೆಯಬಾರದು ಎಂಬ ಒಳಒಪ್ಪಂದಕ್ಕೆ ಎಂದೂ ಕೈಹಾಕಬಾರದು. ಮುಡಿಪಿನಿಂದ ಮಣಿಪಾಲದವರೆಗಿನ ಕಂಪನಿಗಳು ತಮ್ಮ ಖಾಲಿ ಹುದ್ದೆಗಳನ್ನೂ ಅವುಗಳ ಸಂಬಳವನ್ನೂ ಒಂದೇ ಕಡೆ, ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಬೆಂಗಳೂರಿನಲ್ಲಿ ಕೂತ ಉಳ್ಳಾಲದವರು ಅದನ್ನು ವಾರ ವಾರ ತೆರೆದು ನೋಡುತ್ತಾರೆ.